ಡಿಕ್ಕಿಯೊಳಗಿನ ಮದ್ದಳೆ

ಹಳೆಯ ಕಾರನ್ನು ಸಾಕುವವರಿಗೆ ಉಡುಪಿಯಲ್ಲಿ ಸಲಹೆಗಾರರ ಬರ ಬಂದದ್ದಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಕಲ್ಸಂಕದ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಸ್ಕೂಟರಿನ ಮೇಲೆ, ಹೀಗೆ ಎಲ್ಲೆಂದರಲ್ಲಿ ಅವರು ಸಿಗುತ್ತಾರೆ. ಕಾರ್ಬ್ಯುರೇಟರಿನ ವಿಷಯದಲ್ಲಿ ಅವರೊಳಗೆ ಭಿನ್ನಾಭಿಪ್ರಾಯವಿರಬಹುದು, ಹಿಂಬದಿಯ ಸ್ಪೀಕರುಗಳಿಂದ ಬೇಸ್ ಬರುತ್ತಿಲ್ಲ ಎಂದು ಬಾಯಿ ತಪ್ಪಿ ಹೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: “ಇದಕ್ಕಿಂತ ದೊಡ್ಡದು ಹಾಕಿ ಮಾರಾಯ್ರೆ.”

ನಮ್ಮ ಮನೆಯಲ್ಲಿರುವುದು ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಹೊರಬಂದು, 1974ರಲ್ಲಿ ಪದ್ಮಿನಿಯಾದ ಈ ಕಾರು ನಮ್ಮ ಊರಿನವರ ಬಾಯಲ್ಲಿ ಇಂದಿಗೂ ಫಿಯಟ್ಟೇ. ಎಂಜಿನ್ 1089 ಸಿಸಿ, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಒಂದು ಜೊತೆ ಅಂಡಾಕಾರದ ಸ್ಪೀಕರುಗಳನ್ನು ಕೂರಿಸಿದ್ದು ಕ್ಯಾಸೆಟ್ ಯುಗದಲ್ಲಿ, ನಮಗಿಂತ ಮುಂಚಿನ ಒಡೆಯರು. ಅವರು ಬಳಸಿದ್ದು ಹಾರ್ಡ್‌ಬೋರ್ಡ್. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಊರಿನಲ್ಲಿ ಹಾರ್ಡ್‌ಬೋರ್ಡಿನ ಗತಿ ಏನಾಗಬೇಕೋ ಅದೇ ಆಗಿತ್ತು: ಎಣ್ಣೆಗೆ ಬಿದ್ದ ಹಪ್ಪಳದಂತೆ ಮೂಲೆಗಳೆಲ್ಲ ಮೇಲೆದ್ದಿದ್ದವು.

ನನ್ನ ಬೇಡಿಕೆ ದೊಡ್ಡದೇನಲ್ಲ. ಸೀಟು ನಡುಗಬೇಕು, ದಾರಿಹೋಕರು ಎದೆ ಹಿಡಿದುಕೊಳ್ಳಬೇಕು ಎಂಬ ಆಸೆ ನನಗಿಲ್ಲ. ಯಕ್ಷಗಾನದ ಹಳೆಯ ಧ್ವನಿಮುದ್ರಣಗಳನ್ನು ಕೇಳುವಾಗ ಭಾಗವತರ ಪದದ ಅಡಿಯಲ್ಲಿ ಮದ್ದಳೆಯ ಎಡಬದಿಯ ಗುಂಕಾರ ಕೇಳಿಸಬೇಕು, ಅಷ್ಟೇ. ಚೆಂಡೆಯ ಚಿಂತೆಯಿಲ್ಲ, ಅದು ಯಾವ ಸ್ಪೀಕರಿನಿಂದಲಾದರೂ, ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನನ್ನೂ ಸೀಳಿಕೊಂಡು ಬರುತ್ತದೆ. ನಮ್ಮ ಕಾರಿನಲ್ಲಿ ಮಾತ್ರ ಮದ್ದಳೆಗಾರರು ಪ್ರತಿ ಪ್ರಸಂಗಕ್ಕೂ ರಜೆ ಹಾಕಿದಂತೆ ಕೇಳುತ್ತಿತ್ತು.

ಸ್ಪೀಕರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಪೆಟ್ಟಿಗೆಯ ಮೇಲೆ ಬೆಂಕಿಯ ಚಿತ್ರದ ನಡುವೆ 1000 ವ್ಯಾಟ್ ಎಂದು ಬರೆದಿದ್ದ ಜೋಡಿಯೊಂದನ್ನು ತೋರಿಸಿದರು. ಕಾರಿನ ವಿದ್ಯುತ್ತು ಎಂಜಿನ್ ಓಡುವಾಗಲೂ ಹದಿನಾಲ್ಕು ವೋಲ್ಟಿನ ಆಸುಪಾಸಿನದು. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದೆ ಬರೀ ಡೆಕ್ಕಿನಿಂದ ನಾಲ್ಕು ಓಮಿನ ಒಂದು ಸ್ಪೀಕರಿಗೆ ಸಿಗುವುದು ಹೆಚ್ಚೆಂದರೆ 20 ವ್ಯಾಟ್. ಜೋಡಿಗೆ ಉಳಿದ 960 ವ್ಯಾಟನ್ನು ನಾನು ಎಲ್ಲಿಂದ ತರಬೇಕು ಎಂದು ವಿನಯದಿಂದಲೇ ಕೇಳಿದೆ. “ಅದು ಪಿಎಂಪಿಒ ಸರ್” ಎಂದರು, ಕ್ಷಣಮಾತ್ರದ ಗರಿಷ್ಠ ಶಕ್ತಿಯನ್ನು ಹೇಳುವ ಆ ನಾಲ್ಕಕ್ಷರದ ಮುಂದೆ ಓಮನ ನಿಯಮವೂ ಬಾಯಿ ಮುಚ್ಚಿಕೊಳ್ಳಬೇಕು ಎಂಬ ಗತ್ತಿನಲ್ಲಿ.

ಮನೆಗೆ ಬಂದು ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ ಹಿಡಿದುಕೊಂಡು ಡಿಕ್ಕಿಯೊಳಗೆ ತಲೆ ತೂರಿಸಿದೆ. ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಧನ ತಂತಿಗೆ ಮುಟ್ಟಿಸಿದರೆ, ಟಪ್ ಎಂಬ ಸದ್ದಿನೊಡನೆ ಕಾಗದದ ಶಂಕು ಹೊರಕ್ಕೆ ಜಿಗಿಯಬೇಕು. ಕೆಂಪು ಪಟ್ಟಿಯ ತಂತಿಯನ್ನು ಧನವೆಂದು ಹಿಡಿದು ನೋಡಿದಾಗ ಎಡಗಡೆಯದು ಹೊರಕ್ಕೆ ಜಿಗಿಯಿತು. ಬಲಗಡೆಯದು ನಾಚಿಕೊಂಡು ಒಳಕ್ಕೆ ಸರಿಯಿತು. ಯಾವುದೋ ಕಾಲದಲ್ಲಿ ಯಾರೋ ಒಂದು ಬದಿಯ ತಂತಿಗಳನ್ನು ಅದಲುಬದಲು ಮಾಡಿದ್ದರು. ಹೀಗಾದಾಗ ಒಂದು ಸ್ಪೀಕರು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಅದನ್ನೇ ಎಳೆದುಕೊಳ್ಳುತ್ತದೆ. ಉದ್ದ ಅಲೆಗಳ ಮಂದ್ರ ನಾದವೆಲ್ಲ ಪರಸ್ಪರ ವಜಾ ಆಗಿ, ಚೆಂಡೆ ಮತ್ತು ಚಕ್ರತಾಳಗಳು ಮಾತ್ರ ಉಳಿಯುತ್ತವೆ. ಬಿಡಿಗಾಸಿನ ಖರ್ಚಿಲ್ಲದೆ ತಂತಿ ತಿರುಗಿಸಿದ ಮೇಲೆ ಮದ್ದಳೆಗಾರರು ಕನಿಷ್ಠ ವೇಷ ಕಟ್ಟುವ ಚೌಕಿಯವರೆಗೆ ಬಂದರು. ರಂಗಸ್ಥಳಕ್ಕೆ ಇನ್ನೂ ಬಂದಿರಲಿಲ್ಲ.

ಕಾರಣ ಆ ಹಾರ್ಡ್‌ಬೋರ್ಡ್. ಸ್ಪೀಕರು ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೆಯೋ ಹಿಂದಕ್ಕೂ ಅಷ್ಟನ್ನೇ, ಆದರೆ ವಿರುದ್ಧ ದಿಕ್ಕಿನಲ್ಲಿ ಮಾಡುತ್ತದೆ. ಹಿಂದಿನದನ್ನು ಡಿಕ್ಕಿಯಲ್ಲಿ ಕೂಡಿಹಾಕದಿದ್ದರೆ ಅದು ಸಂದುಗಳಲ್ಲಿ ನುಸುಳಿ ಬಂದು ಮುಂದಿನದನ್ನು ನುಂಗುತ್ತದೆ. ಐವತ್ತು ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್. ನಮ್ಮ ಫಿಯಟ್ಟಿನ ಉದ್ದ ನಾಲ್ಕು ಮೀಟರ್ ಕೂಡ ಇಲ್ಲ. ಇಂಥ ಅಲೆಗೆ ಅಂಗೈ ಅಗಲದ ಸಂದು ಸಿಕ್ಕರೆ ಸಾಕು. ನಮ್ಮಲ್ಲಂತೂ ಹಿಂದಿನ ಸೀಟಿನ ಬೆನ್ನಿಗೂ ಡಿಕ್ಕಿಗೂ ನಡುವೆ ಇದ್ದದ್ದು ಒಂದು ಹರಿದ ರಟ್ಟು. ಅದರ ಮೂಲಕ ಅಲೆಯೇನು, ಬೆಕ್ಕಿನ ಮರಿಯೇ ಓಡಾಡಬಹುದಾಗಿತ್ತು.

ಮಲ್ಪೆ ರಸ್ತೆಯ ಅಂಗಡಿಯಿಂದ ಐಎಸ್ 710 ಗುರುತಿನ, ನೀರಿಗೆ ಜಗ್ಗದ 18 ಮಿಲಿಮೀಟರಿನ ಮರೈನ್ ಪ್ಲೈವುಡ್ ತಂದು ಪರಿಚಯದ ಬಡಗಿಯೊಬ್ಬರ ಮುಂದಿಟ್ಟೆ. ಅಳತೆ, ಅಂಡಾಕಾರದ ಎರಡು ತೂತು, ಅಂಚಿಗೆ ಫೋಮ್ ಪಟ್ಟಿ ಎಲ್ಲವನ್ನೂ ವಿವರಿಸಿದೆ. ಅವರು ಎಲ್ಲವನ್ನೂ ಗಂಭೀರವಾಗಿ ಕೇಳಿ, “ಇಬ್ಬರು ದೇವರ ಮಂಟಪವಾ?” ಎಂದರು. ಸ್ಪೀಕರಿಗೆಂದು ತಿಳಿದ ಮೇಲೆ ಅವರ ಉತ್ಸಾಹ ಸ್ವಲ್ಪ ತಗ್ಗಿತು. ಅಂಚಿಗೆ ಹೂಬಳ್ಳಿ ಕೊರೆಯುವ ಆಸೆಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಮೂಲ ತಗಡನ್ನು ಎಲ್ಲಿಯೂ ಕತ್ತರಿಸಕೂಡದು ಎಂಬ ನನ್ನ ಹಟಕ್ಕೆ ಮಣಿದು, ಹಳೆಯ ಸ್ಕ್ರೂ ತೂತುಗಳಿಗೇ ಹಲಗೆಯನ್ನು ಬಿಗಿದುಕೊಟ್ಟರು. ಹೊಸ ಕಾರಿಗಾದರೆ ಯಾರು ಏನು ಬೇಕಾದರೂ ಕೊರೆಯಲಿ. ಇದರ ತಗಡು ಇನ್ನು ಯಾವ ಕಾರ್ಖಾನೆಯಿಂದಲೂ ಬರುವುದಿಲ್ಲ. ಸೀಟಿನ ಬೆನ್ನಿಗೆ ಇನ್ನೊಂದು ತೆಳು ಪ್ಲೈವುಡ್ ನಿಂತಿತು. ಫೋಮಿನ ಅಂಚಿನ ಹಳೆಯ ಸ್ಪೀಕರುಗಳು ನಮ್ಮ ಸೆಕೆಗೆ ಬೆರಳು ತಾಗಿದರೆ ಉದುರುವ ಸ್ಥಿತಿಯಲ್ಲಿದ್ದುದರಿಂದ, ಅದೇ ಅಳತೆಯ, ರಬ್ಬರ್ ಅಂಚಿನ ಸಾಧಾರಣ ಜೋಡಿಯೊಂದು ಬಂದಿತು. ಪೆಟ್ಟಿಗೆಯ ಮೇಲೆ ಬೆಂಕಿಯ ಚಿತ್ರವಿರಲಿಲ್ಲ.

ಬೇಸ್ ಬಂತು. ಎಷ್ಟು ಬಂತೆಂದರೆ, ಹಿಂದಿನ ಗಾಜಿನ ಬಳಿ ಟವೆಲು ಹಾಸಿ ಕೂರಿಸಿದ್ದ, ಕತ್ತು ಆಡಿಸುವ ನಾಯಿಯ ಗೊಂಬೆ ಮೊದಲ ಬಾರಿಗೆ ಕಾರು ನಿಂತಿರುವಾಗಲೂ ತಲೆದೂಗಿತು. ಅದರ ಬೆನ್ನಿಗೇ ಕಾರಿನ ಉಳಿದ ಅಂಗಾಂಗಗಳೂ ಹಿಮ್ಮೇಳಕ್ಕೆ ಸೇರಿದವು. ನಂಬರ್ ಪ್ಲೇಟು ಒಂದು ಶ್ರುತಿಯಲ್ಲಿ ಝೇಂಕರಿಸಿದರೆ, ಜ್ಯಾಕಿನ ಹಿಡಿಕೆ ಇನ್ನೊಂದರಲ್ಲಿ, ಡಿಕ್ಕಿಯ ನೆಲದ ತಗಡು ಯಾರ ಶ್ರುತಿಗೂ ಸೇರದೆ. ಹಿಂದಿನ ಸೀಟಿನಲ್ಲಿ ಕಲ್ಯಾಣಪುರದವರೆಗೆ ಬಂದ ಚಿಕ್ಕಮ್ಮ ಇಳಿಯುವಾಗ, “ಗಾಡಿಯಲ್ಲಿ ಎಂತದೋ ಕಳಚಿಕೊಂಡಿದೆ, ಒಮ್ಮೆ ಗ್ಯಾರೇಜಿಗೆ ತೋರಿಸು” ಎಂದು ಕಳಕಳಿಯಿಂದ ಹೇಳಿಹೋದರು.

ಜ್ಯಾಕಿಗೆ ಗೋಣಿ ಸುತ್ತಿದ್ದಾಯಿತು. ನಂಬರ್ ಪ್ಲೇಟಿನ ಹಿಂದೆ ರಬ್ಬರ್ ವಾಷರುಗಳನ್ನು ಕೂರಿಸಿ, ಅದಕ್ಕೂ ಬಗ್ಗದ ಒಂದು ಮೂಲೆಯನ್ನು ಸದ್ಯಕ್ಕೆ ಹಾಗೆಯೇ ಬಿಟ್ಟೆ. ಡಿಕ್ಕಿಯ ನೆಲಕ್ಕೆ ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ ರಬ್ಬರಿನ ಹಾಳೆಯನ್ನು ಅಂಟಿಸಿದೆ. ತಗಡು ಟಣ್ ಎನ್ನುವುದನ್ನು ನಿಲ್ಲಿಸಿ ದಬ್ ಎನ್ನುವಂತೆ ಮಾಡುವುದು ಅದರ ಕೆಲಸ. ಕೊಟ್ಟ ಹಣಕ್ಕೆ ಅದು ಅರ್ಧ ದಬ್ ಎಂದಿತು. ಪೂರ್ತಿ ದಬ್ ಆದದ್ದು, ಊರಿನ ಮನೆಯಿಂದ ಎರಡು ಗೋಣಿ ತೆಂಗಿನಕಾಯಿ ತುಂಬಿಸಿ ತಂದ ದಿನ. ಭಾರ ಬಿದ್ದ ತಗಡು ಕಂಪಿಸುವುದು ಕಡಿಮೆ. ಸಂತೆಕಟ್ಟೆ ದಾಟುವಾಗ ಭಾಗವತರ ಪದದ ಕೆಳಗೆ ಮದ್ದಳೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು.

ಆದ್ದರಿಂದ ಕಾಯಿಗಳನ್ನು ಇಳಿಸುವ ಕೆಲಸವನ್ನು ನಾನು ಮುಂದೂಡುತ್ತಾ ಬಂದೆ. ಈ ಏರ್ಪಾಡಿಗೆ ಅಮ್ಮನ ಆಕ್ಷೇಪವೇನೂ ಇಲ್ಲ; ಕಾರಿನ ಡಿಕ್ಕಿಯನ್ನು ಉಗ್ರಾಣದ ಒಂದು ಕೋಣೆಯೆಂದೇ ತಿಳಿದು, ಬೆಳಿಗ್ಗೆ ಚಟ್ನಿಗೊಂದು, ಮಧ್ಯಾಹ್ನ ಸಾಂಬಾರಿಗೊಂದು ಎಂದು ಬೀಗದ ಕೈ ಕೇಳಿ ಪಡೆಯುತ್ತಾರೆ. ಈಗ ಮೊದಲ ಗೋಣಿ ಮುಗಿಯುತ್ತಾ ಬಂದಿದ್ದು, ನೆಲದ ತಗಡಿನಲ್ಲಿ ನಿನ್ನೆಯಿಂದ ಮತ್ತೆ ಸಣ್ಣ ಟಣ್ ಶುರುವಾಗಿದೆ.