ದುರ್ಗಕ್ಕೆ ದಾರಿ ಕೋಲಾರದ ಮೇಲೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹೈಸ್ಕೂಲ್ ತಂಡಗಳು ಹೊರ ರಾಜ್ಯದವರ ಜೊತೆ ಆಡೋಕೆ ಎಷ್ಟು ದೂರ ಹೋಗಬಹುದು ಅಂತ ಮಿತಿ ಇದೆ. ಹೋಗಿ ಬರೋದು ಸೇರಿ 600 ಮೈಲಿ. ಇದನ್ನು ಕೇಳಿದ ಗೆಳೆಯನೊಬ್ಬ ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ಮುರಿಯುತ್ತಾ, "ನಮ್ಮಲ್ಲೂ ಇಂಥದೊಂದು ಕಾಯ್ದೆ ಬರ್ಬೇಕು ನೋಡಪಾ" ಅಂದ.

ಅಯ್ಯೋ, ನಮ್ಮಲ್ಲಿ ಮಿತಿ ಇಲ್ಲ ಅಂದವರು ಯಾರು? ಅವರು ಮೈಲಿ ಲೆಕ್ಕ ಹಾಕ್ತಾರೆ, ನಾವು ನಕ್ಷೆ ಬಿಡಿಸ್ತೀವಿ, ಅಷ್ಟೇ. ನಮ್ಮ ಶಾಲಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ಆಮೇಲೆ ಹಲವು ಜಿಲ್ಲೆ ಸೇರಿದ ವಿಭಾಗ ಅಂತ ಮೆಟ್ಟಿಲು ಹತ್ತುತ್ತೆ. ಹರಿಹರದ ಮಕ್ಕಳು ತುಂಗಭದ್ರೆ ಸೇತುವೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಆದರೆ ಅದು ಬೆಳಗಾವಿ ವಿಭಾಗ. ದಾವಣಗೆರೆ ಜಿಲ್ಲೆಯ ನಾವು ಬೆಂಗಳೂರು ವಿಭಾಗ. ಹೊಳೆಯಾಚೆಯವರು ನಮಗೆ ಪರದೇಶ, ಕೋಲಾರದವರು ಪಕ್ಕದ ಮನೆಯವರು!

ಇನ್ನು ದುರ್ಗದ ಕತೆ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ. ಎರಡೂ ಊರಿನವರು ಜಿಲ್ಲಾ ಕೂಟದಲ್ಲೇ ಕಿತ್ತಾಡಬಹುದಿತ್ತು. ಜಿಲ್ಲೆ ಒಡೆದ ಮೇಲೆ 60 ಕಿಲೋಮೀಟರ್ ಆಚೆಯ ದುರ್ಗದವರು ಸಿಗಬೇಕಂದ್ರೆ ವಿಭಾಗ ಮಟ್ಟಕ್ಕೇ ಹೋಗಬೇಕು. ಒಂದು ವರ್ಷ ಆ ಕೂಟ ಕೋಲಾರದಲ್ಲಿತ್ತು. ಮಗಳ ಖೋ ಖೋ ತಂಡದ ಜೊತೆ ನಾನೂ ಹೊರಟೆ.

ನಸುಕಿಗೇ ಟೆಂಪೋ ಹತ್ತಿದೆವು. ಹನ್ನೆರಡು ಹುಡುಗಿಯರು, ಒಬ್ಬರು ಪಿಇ ಮೇಷ್ಟ್ರು, ಒಂದು ಡಬ್ಬಿ ಶೇಂಗಾ ಚಟ್ನಿ, ವಾಂತಿಗೆ ಅಂತ ಒಂದು ಕಟ್ಟು ಪ್ಲಾಸ್ಟಿಕ್ ಕವರು. ಡೀಸೆಲ್ ಖರ್ಚು ಮೇಷ್ಟ್ರ ಜೇಬಿಂದ. (ಬಿಲ್ ಪಾಸಾಗುತ್ತೆ ಅಂತ ಅವರಿಗೆ ಇನ್ನೂ ನಂಬಿಕೆ ಇತ್ತು. ಒಳ್ಳೆಯ ಮನುಷ್ಯ.) ದುರ್ಗದ ಬೈಪಾಸಿನಲ್ಲಿ ಇನ್ನೊಂದು ಟೆಂಪೋ ನಮ್ಮ ಹಿಂದೆ ಬಿತ್ತು. ಸಿರಾದಲ್ಲಿ ಟೀಗೆ ನಿಂತಾಗ ಗೊತ್ತಾಯಿತು, ಅದು ದುರ್ಗದ ತಂಡ. ಹುಡುಗಿಯರು ಚಟ್ನಿ ಹಂಚಿಕೊಂಡರು. ಹೋಟೆಲ್ ಹಿಂದೆ ಒಳ್ಳೆಯ ಬಯಲೂ ಇತ್ತು.

300 ಕಿಲೋಮೀಟರ್ ದಾಟಿ ಕೋಲಾರ ಮುಟ್ಟಿದೆವು. ಚೀಟಿ ಎತ್ತಿದರು. ಮೊದಲ ಪಂದ್ಯವೇ ದಾವಣಗೆರೆಗೂ ಚಿತ್ರದುರ್ಗಕ್ಕೂ.

9 ನಿಮಿಷದ ನಾಲ್ಕು ಸರದಿ. ಒಟ್ಟು 36 ನಿಮಿಷ. ಎರಡು ಪಾಯಿಂಟಿಗೆ ಸೋತೆವು. ಮೊಣಕಾಲಿನ ಮಣ್ಣೂ ಒರೆಸಿಕೊಳ್ಳದೆ ಮತ್ತೆ ಟೆಂಪೋ ಹತ್ತಿದೆವು.

ರಾತ್ರಿ ಹನ್ನೊಂದೂವರೆಗೆ ದುರ್ಗ ಬಂತು. ಮಗಳು ನಿದ್ದೆಗಣ್ಣಲ್ಲಿ ಕೋಟೆ ಕಡೆ ನೋಡಿ, "ಸರ್, ಇಲ್ಲೇ ಆಡಬಹುದಿತ್ತಲ್ವಾ?" ಅಂದಳು.

"ಸುಮ್ನೆ ಮಲ್ಕೋ," ಅಂದರು ಮೇಷ್ಟ್ರು. "ಇದು ಬೇರೆ ಜಿಲ್ಲೆ."