ಲಕೋಟೆ ಇಲ್ಲದ ಫೋಟೊ

ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ನಮ್ಮ ದೊಡ್ಡಮ್ಮ ಒಂದು ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ಆ ಚಿತ್ರ ಮೆಚ್ಚುಗೆಗೋ, ಸಾಕು ನಿಲ್ಲಿಸು ಅನ್ನೋದಕ್ಕೋ ಗೊತ್ತಾಗಲ್ಲ. ಅದಕ್ಕೇ ಈ ಸಲ ಜೋಗದ ಫೋಟೊ ತೊಳೆಸಿ, ಹಿಂದೆ ನಾಲ್ಕು ಸಾಲು ಬರೆದು, ಕಾರ್ಡಿನ ಹಾಗೆ ತೀರ್ಥಹಳ್ಳಿ ಕಡೆಯ ಅವರ ಮನೆಗೆ ಟಪಾಲಿಗೆ ಹಾಕೋಣ ಅನ್ನಿಸಿತು. ಹೊಸ ಐಡಿಯಾ ಏನಲ್ಲ. 1903ರಲ್ಲೇ ಕೊಡಾಕ್ ಕಂಪನಿ ಕಾರ್ಡಿನ ಅಳತೆಗೇ ಫೋಟೊ ತೆಗೆಯುವ ಕ್ಯಾಮೆರಾ ತಂದಿತ್ತು. ಅಮೆರಿಕದ ಜನ ಮನೆಮಂದಿಯ ಮುಖಗಳನ್ನೆಲ್ಲ ಅಂಚೆ ಡಬ್ಬಿಗೆ ತುಂಬಿದ್ದರು.

ನಮ್ಮ ಫೋಟೊ ಮಳೆಗಾಲದ್ದು. 253 ಮೀಟರ್ ಎತ್ತರದ ರಾಜ, ರಾಣಿ, ರೋರರ್, ರಾಕೆಟ್ ಎಲ್ಲರೂ ಮಂಜಿನ ಹಿಂದೆ ಮಾಯ. ಮುಂದೆ ನಾವು, ನಮ್ಮ ಕೊಡೆಗಳು. "ಹಿಂದೆ ಬರೀ ಬಿಳಿ ಇದೆಯಲ್ಲ ಮೇಡಂ, ತಾಜ್ ಮಹಲ್ ಹಾಕ್ಲಾ?" ಎಂದು ಸ್ಟುಡಿಯೋ ಹುಡುಗ ಕೇಳಿದ. ಪಾಪ, ಕಾಸು ಜಾಸ್ತಿ ಕೇಳಲಿಲ್ಲ.

ಫೋಟೊ ಕಾಗದದ ಬೆನ್ನಿಗೂ ಇಂಕಿಗೂ ಆಗಿಬರುವುದಿಲ್ಲ. 'ನಾವೆಲ್ಲ ಕ್ಷೇಮ' ಎಂದು ಬರೆದದ್ದು ಅಂಗೈಗೆ ಬಂತು. ಕೊನೆಗೆ ಮಗಳ ಮಾರ್ಕರ್ ಪೆನ್ನು ಕೈಹಿಡಿಯಿತು. ಅದು ದಪ್ಪ, ಹಾಗಾಗಿ ಕ್ಷೇಮಕ್ಕೆ ಮಾತ್ರ ಜಾಗ ಆಯಿತು.

ಅಂಚೆ ಕಚೇರಿಯಲ್ಲಿ 50 ಪೈಸೆ ಮುಂದಿಟ್ಟೆ. ಕೌಂಟರಿನವರು ಅದನ್ನೂ ನೋಡಿದರು, ಫೋಟೊವನ್ನೂ ನೋಡಿದರು. ಇಲಾಖೆಯ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. 6 ಇಂಚು ಉದ್ದ, 4 ಇಂಚು ಅಗಲದ ನಮ್ಮ ಪ್ರಿಂಟು ಅದಕ್ಕಿಂತ ದೊಡ್ಡದು. "ಇದು ಕಾಗದದ ಲೆಕ್ಕಕ್ಕೆ ಬರುತ್ತೆ, 5 ರೂಪಾಯಿ ಸ್ಟಾಂಪ್ ಹಚ್ಚಿ" ಎಂದರು. ಅಷ್ಟಕ್ಕೇ ಬಿಡಲಿಲ್ಲ. "ಇವರು ನಿಮ್ಮ ಅತ್ತೆನಾ? ಯಾಕೆ ಮುಖ ಸಿಂಡರಿಸಿದ್ದಾರೆ?" ನನ್ನ ಹಿಂದೆ ನಿಂತಿದ್ದವರೂ ಬಗ್ಗಿ ನೋಡಿ, "ಬಿಸಿಲಿಗೆ ಇರಬೇಕು" ಎಂದು ಅತ್ತೆಯ ಪರ ವಹಿಸಿದರು. ಜೋಗದ ಆ ಮಳೆಯಲ್ಲಿ ಎಲ್ಲಿಯ ಬಿಸಿಲು! ಲಕೋಟೆ ಇಲ್ಲದ ಮೇಲೆ ನಮ್ಮ ಮನೆ ವಿಷಯ ಎಲ್ಲರದೂ ಅಲ್ವಾ?

ಒಂದು ವಾರದ ಮೇಲೆ ದೊಡ್ಡಮ್ಮನ ಫೋನು. "ಎಂತ ಮಾರಾಯ್ತಿ, ನಿನ್ನ ಅತ್ತೆ ಅಷ್ಟು ದೊಡ್ಡ ಬೊಟ್ಟು ಯಾವಾಗಿಂದ ಇಡ್ತಾರೆ?"

ಅದು ಬೊಟ್ಟಲ್ಲ. ಕಟ್ಟಿನಲ್ಲಿ ಪಕ್ಕದ ಕಾಗದಕ್ಕೆ ಒತ್ತಿದ ಅಂಚೆ ಮುದ್ರೆ ಹಸಿ ಇದ್ದಾಗಲೇ ಅತ್ತೆಯ ಹಣೆಗೆ ಅಂಟಿತ್ತು. ದಿನಾಂಕ ಸಮೇತ.

"ಜೋಗ ಎಲ್ಲಿ ಕಾಣ್ಲಿಲ್ಲ, ಇರಲಿ. ಪೋಸ್ಟಿನವನು ಮೂರು ಮನೆಗೆ ತೋರಿಸಿಯೇ ಇಲ್ಲಿಗೆ ತಂದದ್ದು. ಕೆಳಗಿನ ಮನೆಯವರು ಕೇಳ್ತಿದ್ರು, ಆ ನೀಲಿ ಶರ್ಟಿನ ಹುಡುಗನಿಗೆ ಜಾತಕ ಹೊರಗೆ ಹಾಕಿದ್ದಾರಾ ಅಂತ."

ನೀಲಿ ಶರ್ಟಿನ ಹುಡುಗ ನನ್ನ ಗಂಡ. ಫೋನು ಸ್ಪೀಕರಿನಲ್ಲಿತ್ತು. ದಂಡ ಖರ್ಚು ಎಂದು ಅಲ್ಲಿಯವರೆಗೆ ಗೊಣಗುತ್ತಿದ್ದವರು ಈಗ ಮುಂದಿನ ಕಾರ್ಡಿಗೆ ತಾವೇ ಫೋಟೊ ಆರಿಸುತ್ತಿದ್ದಾರೆ. ಯಾವುದರಲ್ಲೂ ನಾನಿಲ್ಲ.