ರಕ್ಷಣೆಯ ಜಗಳ ಮುಗಿದಿದೆ, ಸಭೆಯ ಮಾತು ಉಳಿದಿದೆ

ದಾವಣಗೆರೆ, ಹರಿಹರದ ಕಡೆ ಕ್ಯಾಥೊಲಿಕ್ ಮನೆಗೂ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟೆಂಟ್ ಚರ್ಚು) ಮನೆಗೂ ಮದುವೆ ಮಾತು ಶುರುವಾದರೆ ಸಾಕು, ಯಾರಾದರೊಬ್ಬ ಹಿರಿಯರು ಅಡ್ಡ ಹಾಕುತ್ತಾರೆ. "ಅವರು ಪುಣ್ಯ ಮಾಡಿ ಸ್ವರ್ಗಕ್ಕೆ ಹೋಗ್ತೀವಿ ಅನ್ನೋ ಜನ" ಅಂತ ಒಂದು ಕಡೆ. "ಅವರಿಗೆ ನಂಬಿದರೆ ಸಾಕು, ಹೇಗೆ ಬದುಕಿದರೂ ನಡೆಯುತ್ತೆ" ಅಂತ ಇನ್ನೊಂದು ಕಡೆ. ನಾನು ದಾವಣಗೆರೆಯ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು. ಈಗ ಇರುವುದು ಜರ್ಮನಿಯ ಆಗ್ಸ್‌ಬುರ್ಗ್‌ನಲ್ಲಿ. ಈ ಎರಡು ಮಾತೂ ಸರಿಯಲ್ಲ ಅಂತ ಊರಿನವರಿಗೆ ಹೇಳಲೇಬೇಕು ಅನಿಸಿದೆ.

ಮನುಷ್ಯನಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗುವುದು ಹೇಗೆ ಅನ್ನುವ ಈ ಜಗಳದ ಒಂದು ಬೇರು ಇರುವುದೇ ಆಗ್ಸ್‌ಬುರ್ಗ್‌ನಲ್ಲಿ. 1518ರಲ್ಲಿ ಪೋಪರ ಪ್ರತಿನಿಧಿ ಕಾರ್ಡಿನಲ್ ಕಯೆತಾನ್, ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್‌ನನ್ನು ವಿಚಾರಣೆಗೆ ಕರೆಸಿದ್ದು ಈ ಊರಿಗೆ. ಆಗ ಲೂಥರ್ ಉಳಿದುಕೊಂಡದ್ದು ಸಂತ ಅನ್ನಾ ಮಠದಲ್ಲಿ. ಪಾಪಿಯನ್ನು ದೇವರು ನಂಬಿಕೆಯಿಂದಲೇ ನೀತಿವಂತ ಎಂದು ಎಣಿಸುತ್ತಾನೆ ಅಂತ ಲೂಥರ್ ಕಲಿಸಿದ. ಎಣಿಸುವುದಷ್ಟೇ ಅಲ್ಲ, ಒಳಗಿನಿಂದಲೇ ಬದಲಾಯಿಸುತ್ತಾನೆ, ಗಂಭೀರ ಪಾಪ ಮಾಡಿದರೆ ಆ ಕೃಪೆ ಕಳೆದುಹೋಗಬಹುದು ಅಂತ 1547ರಲ್ಲಿ ಕ್ಯಾಥೊಲಿಕ್ ಧರ್ಮಾಧ್ಯಕ್ಷರ (ಬಿಷಪ್‌ಗಳ) ಟ್ರೆಂಟ್ ಮಹಾಸಭೆ ಹೇಳಿತು. ಆದರೆ ಮೊದಲ ಹೆಜ್ಜೆ ದೇವರ ಕೃಪೆಯದೇ, ಅದನ್ನು ಯಾರೂ ಸಂಪಾದಿಸಲಾರರು ಎಂದೂ ಅದೇ ಟ್ರೆಂಟ್ ಹೇಳಿದೆ. ಇತ್ತ ಲೂಥರ್ ಕೂಡ ಹೇಗೆ ಬೇಕಾದರೂ ಬದುಕಿ ಅಂದವನಲ್ಲ. ನಿಜವಾದ ನಂಬಿಕೆ ಇದ್ದಲ್ಲಿ ಒಳ್ಳೆಯ ಕೆಲಸ ತಾನಾಗಿಯೇ ಬರುತ್ತದೆ ಅಂತ ಅವನ ಮಾತು.

1999ರ ಅಕ್ಟೋಬರ್ 31ರಂದು ಅದೇ ಸಂತ ಅನ್ನಾ ಚರ್ಚಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಒಳ್ಳೆಯ ಕೆಲಸಕ್ಕೆ ಕರೆಯುತ್ತಾನೆ ಅನ್ನುವುದು ಅದರ ಸಾರ. ಪ್ರಾಟೆಸ್ಟೆಂಟರ ಇನ್ನೆರಡು ಪಂಗಡಗಳಾದ ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಅದನ್ನು ಒಪ್ಪಿದವು. 1947ರಲ್ಲಿ ಸಿ.ಎಸ್.ಐ. ಹುಟ್ಟಿದ್ದು ಇಂಥ ಸಭೆಗಳೂ ಆಂಗ್ಲಿಕನ್ನರೂ ಒಂದಾಗಿಯೇ ಅಲ್ವಾ? ಎಲ್ಲ ಭೇದವೂ ಅಳಿಸಿಹೋಗಿಲ್ಲ, ನಿಜ. ಆದರೂ ದೊಡ್ಡವರು ಕೂತು ಬಗೆಹರಿಸಿದ ವಿಷಯವನ್ನೇ ಹಿಡಿದುಕೊಂಡು ನಮ್ಮೂರಲ್ಲಿ ಹುಡುಗ ಹುಡುಗಿಯ ಮದುವೆ ನಿಲ್ಲಿಸುವುದು ನನಗೆ ಸಂಕಟದ ವಿಷಯ.

ಬಗೆಹರಿಯದೆ ಉಳಿದಿರುವುದು ಬೇರೆ. ಸಭೆ, ಅಂದರೆ ಚರ್ಚ್ ಎಂಬ ವಿಶ್ವಾಸಿಗಳ ಸಮುದಾಯ, ನಿಜವಾಗಿ ಏನು ಅನ್ನುವ ಪ್ರಶ್ನೆ. ಸುವಾರ್ತೆಯನ್ನು ಶುದ್ಧವಾಗಿ ಬೋಧಿಸಿ, ದೀಕ್ಷಾಸ್ನಾನದಂಥ ಸಂಸ್ಕಾರಗಳನ್ನು ಸರಿಯಾಗಿ ನಡೆಸುವ ಕಡೆ ಸಭೆ ಇದೆ, ಒಗ್ಗಟ್ಟಿಗೆ ಅಷ್ಟು ಸಾಕು ಅನ್ನುವುದು 1530ರ ಆಗ್ಸ್‌ಬುರ್ಗ್ ಅರಿಕೆ, ಅಂದರೆ ಲೂಥರನ್ನರ ನಂಬಿಕೆಯ ಘೋಷಣೆ. ನಮ್ಮ ಕ್ಯಾಥೊಲಿಕರಿಗೆ ಅಷ್ಟು ಸಾಲದು. ಪ್ರೇಷಿತರಿಂದ, ಅಂದರೆ ಯೇಸುವಿನ ಮೊದಲ ಶಿಷ್ಯರಿಂದ, ಪರಂಪರೆ ಕಡಿಯದೆ ಬಂದ ಧರ್ಮಾಧ್ಯಕ್ಷರು ಬೇಕು, ಆ ಶಿಷ್ಯರಲ್ಲಿ ಮುಖ್ಯನಾದ ಪೇತ್ರನ ಜಾಗದಲ್ಲಿ ಪೋಪ್ ಬೇಕು, ಏಳು ಸಂಸ್ಕಾರ ಬೇಕು. ಜಂಟಿ ಘೋಷಣೆಯ ಮರುವರ್ಷ, 2000ದಲ್ಲಿ, ಇಂಥ ಧರ್ಮಾಧ್ಯಕ್ಷತೆಯೂ ಪೂರ್ಣ ಪರಮಪ್ರಸಾದವೂ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಇಲ್ಲದವು ಸರಿಯಾದ ಅರ್ಥದಲ್ಲಿ ಸಭೆಗಳಲ್ಲ ಅಂತ ವ್ಯಾಟಿಕನ್ ಹೇಳಿತು. ಪ್ರಾಟೆಸ್ಟೆಂಟ್ ಗೆಳೆಯರಿಗೆ ಅದು ಜಾಸ್ತಿಯೇ ನೋವು ಮಾಡಿತು.

ನಮ್ಮ ಕಡೆಯ ಲಿಂಗಾಯತ ಸ್ನೇಹಿತರಿಗೆ ಇದನ್ನು ವಿವರಿಸುವುದು ಸುಲಭ. ಅಂಗೈಯಲ್ಲಿ ಇಷ್ಟಲಿಂಗ ಇದ್ದ ಮೇಲೆ ನಡುವೆ ಪೂಜಾರಿ ಬೇಕಿಲ್ಲ. ಆದರೆ ಆ ಲಿಂಗವನ್ನು ಕೈಗೆ ಕೊಡಲು ಗುರು ಬೇಕು. ಪ್ರಾಟೆಸ್ಟೆಂಟರು ಮೊದಲನೆಯದನ್ನು ಒತ್ತಿ ಹೇಳುತ್ತಾರೆ, ನಾವು ಎರಡನೆಯದನ್ನು.

ಈ ವ್ಯತ್ಯಾಸ ಎದ್ದು ಕಾಣುವುದು ಸಾವಿನ ಮನೆಯಲ್ಲಿ. ಕ್ಯಾಥೊಲಿಕ್ ಮನೆಯಲ್ಲಿ ಮೂವತ್ತನೇ ದಿನ ತೀರಿಕೊಂಡವರ ಆತ್ಮಕ್ಕಾಗಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಇಡುತ್ತಾರೆ. ನವೆಂಬರ್ 2ರಂದು ಸಮಾಧಿ ತೊಳೆದು, ಚೆಂಡುಹೂ ಹಾಕಿ, ಮೇಣದಬತ್ತಿ ಹಚ್ಚಿ, ಸ್ವರ್ಗ ಸೇರುವ ಮೊದಲು ಅವರ ಆತ್ಮಕ್ಕಾಗುವ ಶುದ್ಧೀಕರಣಕ್ಕೆ ಪ್ರಾರ್ಥಿಸುತ್ತಾರೆ. ಸಿ.ಎಸ್.ಐ. ಮನೆಯ ಕೂಟದಲ್ಲಿ ಪ್ರಾರ್ಥನೆಯ ಭಾರವೆಲ್ಲ ಉಳಿದವರ ಸಮಾಧಾನದ ಮೇಲೆ. ಹೋದವರು ಕರ್ತನ ಕೈಯಲ್ಲಿದ್ದಾರೆ, ನಾವು ಸೇರಿಸುವಂಥದ್ದು ಏನಿದೆ ಅನ್ನುತ್ತಾರೆ.

ಆಗ್ಸ್‌ಬುರ್ಗ್‌ನಲ್ಲಿ ಫುಗ್ಗರೈ ಅಂತ ಒಂದು ಕೇರಿ ಇದೆ. ಹಳದಿ ಗೋಡೆಯ ಸಾಲುಮನೆಗಳು. 1521ರಲ್ಲಿ ಯಾಕೋಬ್ ಫುಗ್ಗರ್ ಎಂಬ ಸಾಹುಕಾರ ಊರಿನ ಬಡ ಕ್ಯಾಥೊಲಿಕರಿಗಾಗಿ ಶುರು ಮಾಡಿದ್ದು. ಇವತ್ತಿಗೂ ವರ್ಷದ ಬಾಡಿಗೆ 88 ಸೆಂಟ್, ಅಂದರೆ ನೂರು ರೂಪಾಯಿ ಒಳಗೆ. ಜೊತೆಗೆ ದಿನಕ್ಕೆ ಮೂರು ಪ್ರಾರ್ಥನೆ: ಪರಲೋಕದ ತಂದೆಯೇ, ನಮೋ ಮರಿಯಾ, ವಿಶ್ವಾಸ ಸಂಗ್ರಹ. ಕಟ್ಟಿಸಿದವನ ಆತ್ಮಕ್ಕಾಗಿ. ಲೂಥರ್ ವಿರೋಧಿಸಿದ ಪಾಪವಿಮೋಚನಾ ಪತ್ರಗಳನ್ನು (ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಹಣಕ್ಕೆ ಕೊಡುತ್ತಿದ್ದ ಪತ್ರ) ಮಾರಿದ ಹಣದಲ್ಲಿ ಒಂದು ಪಾಲು, ಮೈಂಜ್‌ನ ಮಹಾಧರ್ಮಾಧ್ಯಕ್ಷರ ಸಾಲಕ್ಕೆ ಸಂದಾಯವಾಗಿ, ಸೇರಿದ್ದು ಇದೇ ಫುಗ್ಗರ್ ಮನೆತನಕ್ಕೆ. ಆ ವ್ಯಾಪಾರ ಹೇಸಿಗೆಯದು. ಆದರೆ ಐನೂರು ವರ್ಷದಿಂದ ಬಡವರಿಗೆ ಸೂರು ಸಿಕ್ಕಿದ್ದು, ಸತ್ತವನೊಬ್ಬನನ್ನು ಅವರು ದಿನವೂ ನೆನೆಯುವುದು, ಇವೆರಡೂ ನನಗೆ ಒಳ್ಳೆಯದಾಗಿಯೇ ಕಾಣುತ್ತವೆ. ಸಾವು ಸಭೆಯನ್ನು ಕಡಿಯಲಾರದು ಅಂತ ನಾನು ನಂಬುತ್ತೇನೆ. ಈ ವಿಷಯದಲ್ಲಿ ನಾನು ಕ್ಯಾಥೊಲಿಕನೇ.

ಅದಕ್ಕೇ ಊರಿನ ಗುರುಗಳಲ್ಲೂ ಪಾಸ್ಟರ್‌ಗಳಲ್ಲೂ ನನ್ನದೊಂದು ಕೋರಿಕೆ. ಒಬ್ಬರ ದೀಕ್ಷಾಸ್ನಾನವನ್ನು ಇನ್ನೊಬ್ಬರು ಈಗಾಗಲೇ ಒಪ್ಪುತ್ತೀರಿ. ಮದುವೆಗೆ ಮೊದಲು ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿ, 1999ರ ಆ ಘೋಷಣೆಯ ಮುಖ್ಯ ಭಾಗವನ್ನು ಕನ್ನಡದಲ್ಲಿ ಓದಿ ಹೇಳಿ. ಆಮೇಲೆ ನಿಜವಾಗಿ ಮಾತಾಡಬೇಕಾದ್ದನ್ನು ಮಾತಾಡಿ: ಮಕ್ಕಳನ್ನು ಯಾವ ಸಭೆಯಲ್ಲಿ ಬೆಳೆಸುವುದು, ಮದುವೆಯ ದಿನ ಪರಮಪ್ರಸಾದಕ್ಕೆ ಎದ್ದು ಹೋಗಲಾಗದೆ ಬೆಂಚಿನಲ್ಲೇ ಕೂತಿರುವ ಬೀಗರಿಗೆ ಏನು ಹೇಳುವುದು, ಅತ್ತೆ ತೀರಿಕೊಂಡಾಗ ಸೊಸೆ ಯಾವ ಪ್ರಾರ್ಥನೆಗೆ ಆಮೆನ್ ಅನ್ನಬಹುದು.